ಹುಕುಂ ಆತು, ಕೂಸು ಬರಲಿಲ್ಲ

(ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನನ್ನ ಮೇಜಿನ ಖಾನೆಯಲ್ಲಿ ಒಂದು ಸಣ್ಣ ಡೈರಿ ಇದೆ. ಕಿಸೆಯಲ್ಲಿ ಹಿಡಿಸುವಂಥದ್ದು, ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಹಂಚುವಂಥದ್ದು. ಗದಗಿನ ಕಡೆಯ ಒಬ್ಬ ಕಕ್ಷಿದಾರರು ಪುರಾವೆಗೆ ಆದೀತೆಂದು ತಂದುಕೊಟ್ಟಿದ್ದರು. ಗುರುತು ಸಿಗದಂತೆ ಊರು, ವಿವರ ಒಂದಿಷ್ಟು ಬದಲಿಸಿ ಹೇಳುತ್ತೇನೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ರವಿವಾರ ಬೆಳಿಗ್ಗೆ ಹತ್ತಕ್ಕೆ ಆರು ವರ್ಷದ ಮಗಳನ್ನು ಅವರ ಕೈಗೆ ಕೊಡಬೇಕು, ಸಂಜೆ ಐದಕ್ಕೆ ಅವರು ತಿರುಗಿ ತಂದು ಬಿಡಬೇಕು ಎಂದು ಹುಕುಂ ಆಗಿತ್ತು. ಅವರು ಬಸ್ಸು ಹತ್ತಿ ಹುಬ್ಬಳ್ಳಿಗೆ ಬರುತ್ತಿದ್ದರು. ಬಂದ ಪ್ರತಿ ರವಿವಾರದ ಮುಂದೆ ಒಂದೆರಡು ಶಬ್ದ ಗೀಚಿದ್ದಾರೆ. ‘ಜ್ವರ.’ ‘ಲಗ್ನಕ್ಕ ಹೋಗ್ಯಾರ.’ ‘ಕೀಲಿ.’ ‘ಪರೀಕ್ಷಾ.’ ‘ಕೀಲಿ.’ ‘ಮಾವ ಬೈದ.’ ಇಂಥವು ಹತ್ತು. ಹನ್ನೊಂದನೆಯದು: ‘ಒಲ್ಲೆ ಅಂದಳು.’

ಹತ್ತು ರವಿವಾರ ದೊಡ್ಡವರು ಬೇಡವೆಂದರು. ಹನ್ನೊಂದನೆಯ ರವಿವಾರ ಕೂಸು ಬೇಡವೆಂದಿತು. ಮುಂದಿನ ತಾರೀಖಿಗೆ ಎದುರು ಪಕ್ಷದವರು ನ್ಯಾಯಾಲಯಕ್ಕೆ ಹೇಳಿದ್ದು ಹನ್ನೊಂದನೆಯದನ್ನು ಮಾತ್ರ: ‘ನಾವೇನೂ ಅಡ್ಡಿ ಮಾಡಿಲ್ಲ, ಮಗುವಿಗೇ ಇಷ್ಟವಿಲ್ಲ.’ ನಾನು ಇಂದು ಆಡುವ ಮಾತೆಲ್ಲ ಉಳಿದ ಹತ್ತರ ಬಗ್ಗೆ.

ಮಗು ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆಯ ಮೇಲೆ ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ ಹೇಳಿತು. ಮಗುವಿನ ಹಿತವೇ ಎಲ್ಲಕ್ಕೂ ಮೇಲು ಎಂದೂ ಹೇಳಿತು. 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಂದೆ ಬದುಕಿದ್ದಾಗಲೂ ತಾಯಿ ಸಹಜ ಪೋಷಕಿಯಾಗಬಲ್ಲಳು ಎಂದು ಆ ಕಾಯ್ದೆಗೆ ಅರ್ಥ ಹಚ್ಚಿತು. ಇವೆಲ್ಲ ದೊಡ್ಡ ಹೆಜ್ಜೆಗಳೇ, ಅನುಮಾನವಿಲ್ಲ. ಆದರೆ ತೀರ್ಪು ಆಗಿ, ನಕಲು ಕೈಗೆ ಬಂದು, ಅದರ ಮೇಲೆ ಮೊಹರೂ ಬಿದ್ದ ಮೇಲೆ ಒಬ್ಬರು ಅದನ್ನು ಕಾಲಕಸ ಮಾಡಿದರೆ ಮುಂದೇನು? ಫ್ಯಾಮಿಲಿ ಕೋರ್ಟಿನ ಮೆಟ್ಟಿಲ ಮೇಲೆ ಕೂತ ಜನ ಕೇಳುವುದು ಇದನ್ನೇ. ‘ಹುಕುಂ ಆತ್ರಿ ಸಾಹೇಬ್ರ, ಕೂಸು ಬರಲಿಲ್ಲಲ್ರಿ.’

ಭಾರತದ ಕಕ್ಷಿದಾರನ ಕಷ್ಟ ಸುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಆಡಿತ್ತು. ಅದು ಜಮೀನುದಾರಿ, ಸಾಲ, ವಸೂಲಿಯ ಲೋಕದ ಮಾತು. ಹೊಲದ ಡಿಕ್ರಿ ಆದರೆ ಹೊಲ ಇದ್ದಲ್ಲೇ ಇರುತ್ತದೆ. ಹತ್ತು ವರ್ಷ ಬಿಟ್ಟು ಹೋದರೂ ಅದೇ ಸರ್ವೆ ನಂಬರು, ಅದೇ ಬದು, ಅದೇ ಬೇವಿನ ಗಿಡ. ಕೂಸು ಹಾಗಲ್ಲ. ನೀವು ಬಿಟ್ಟುಹೋದ ಕೂಸು ನೀವು ತಿರುಗಿ ಬಂದಾಗ ಇರುವುದಿಲ್ಲ. ಅದರ ಹಲ್ಲು ಬಿದ್ದು ಹೊಸ ಹಲ್ಲು ಬಂದಿರುತ್ತದೆ, ನಿಮ್ಮ ಮುಖ ಅರ್ಧ ಮರೆತಿರುತ್ತದೆ.

ಇನ್ನು ನಮ್ಮ ಕೈಯಲ್ಲಿರುವ ಕಾಯ್ದೆಯ ಕಡೆಗೆ ಬರೋಣ. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ, ಅಂದರೆ ಪೋಷಕ-ಪಾಲ್ಯರ ಕಾಯ್ದೆ, ಜಾರಿಗೆ ಬಂದದ್ದು 1890ರ ಜುಲೈ 1ರಂದು. ಅದೇ ಜುಲೈ 20ರಂದು ನಮ್ಮ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಎರಡಕ್ಕೂ ಹತ್ತೊಂಬತ್ತು ದಿನದ ಅಂತರ. ಆ ಸಂಘ ಹುಟ್ಟಿದಂದಿನಿಂದ ಈ ಊರು ಎಷ್ಟು ಬದಲಾಗಿದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಮುಂಬಯಿ ಪ್ರಾಂತ ಹೋಯಿತು, ಏಕೀಕರಣವಾಯಿತು, ಅವಳಿ ನಗರಗಳಿಗೆ ಒಂದೇ ಮಹಾನಗರಪಾಲಿಕೆ ಆಯಿತು. ಆ ಕಾಯ್ದೆಯ 45ನೆಯ ಕಲಮು ಮಾತ್ರ ಇದ್ದಂತೆಯೇ ಇದೆ. ಮಗುವನ್ನು ಹಾಜರುಪಡಿಸು ಎಂದು ನ್ಯಾಯಾಲಯ ಹೇಳಿದರೂ ಹಾಜರುಪಡಿಸದವನಿಗೆ, ಮಗು ಪೋಷಕರ ಕೈ ಸೇರುವಂತೆ ತನ್ನಿಂದಾದದ್ದನ್ನೆಲ್ಲ ಮಾಡು ಎಂದರೂ ಮಾಡದವನಿಗೆ ದಂಡ 100 ರೂಪಾಯಿ ಮೀರಬಾರದು. ಹಟ ಮುಂದುವರಿಸಿದರೆ ಮೊದಲ ದಿನದ ನಂತರ ದಿನಕ್ಕೆ 10 ರೂಪಾಯಿಯವರೆಗೆ. ಒಟ್ಟು 500 ದಾಟುವಂತಿಲ್ಲ. 1890ರಲ್ಲಿ ಅದು ಹೆದರಬೇಕಾದ ಮೊತ್ತವೇ ಆಗಿತ್ತು. ಇಂದು ಆ 100 ರೂಪಾಯಿಗೆ ಅರ್ಧ ಕಿಲೋ ಧಾರವಾಡ ಪೇಢೆ ಬರುವುದಿಲ್ಲ.

ಆದರೂ ಅದೇ ಕಲಮಿನಲ್ಲಿ ಒಂದು ಹಲ್ಲು ಇದೆ, ಅದನ್ನು ನಾವೇ ಮರೆತಿದ್ದೇವೆ. ಮಗುವನ್ನು ತಂದೊಪ್ಪಿಸುತ್ತೇನೆ ಎಂದು ಒಪ್ಪಿ ಬರೆದುಕೊಡುವ ತನಕ ಅಂಥವನನ್ನು ಸಿವಿಲ್ ಜೈಲಿನಲ್ಲಿ ಇಡಬಹುದು. ಇದಕ್ಕೆ ಇಂತಿಷ್ಟೇ ತಿಂಗಳು ಎಂಬ ಲೆಕ್ಕವಿಲ್ಲ. ಜೈಲಿನ ಕೀಲಿಕೈ ಅವನ ಬಾಯಲ್ಲೇ ಇದೆ. ನನ್ನ ಇಷ್ಟು ವರ್ಷದ ವಕಾಲತ್ತಿನಲ್ಲಿ ಈ ಕಲಮಿನಡಿ ಅರ್ಜಿ ಹಾಕಿದ ವಕೀಲರನ್ನು ಕೈಬೆರಳಿನಲ್ಲಿ ಎಣಿಸಬಹುದು. ಬಹಳ ಮಂದಿಗೆ ಅದು ಇರುವುದೇ ಗೊತ್ತಿಲ್ಲ. ಅದೇ ರೀತಿ 12ನೆಯ ಕಲಮು. ಮುಖ್ಯ ಅರ್ಜಿ ಇತ್ಯರ್ಥವಾಗುವ ಮುಂಚೆಯೇ ಮಗುವನ್ನು ತಂದು ತೋರಿಸಲು, ತಾತ್ಕಾಲಿಕವಾಗಿ ಒಬ್ಬರ ಸುಪರ್ದಿಗೆ ಕೊಡಲು ಅದು ಅಧಿಕಾರ ಕೊಡುತ್ತದೆ. ಈ ಕಾಯ್ದೆ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಭೇದ ಮಾಡುವುದಿಲ್ಲ. ಹಳೇಹುಬ್ಬಳ್ಳಿಯ ಮನೆಗೂ ಅದೇ, ಸಪ್ತಾಪುರದ ಮನೆಗೂ ಅದೇ.

ನಮ್ಮ ಕಡೆ ಜನ ಹೆಚ್ಚಾಗಿ ಹಿಡಿಯುವ ದಾರಿ ದರಖಾಸ್ತು. ಬೆಂಗಳೂರಿನವರು ಎಕ್ಸಿಕ್ಯೂಷನ್ ಅರ್ಜಿ ಎನ್ನುವುದಕ್ಕೆ ಮುಂಬಯಿ ಪ್ರಾಂತದ ಕಾಲದಿಂದ ನಾವು ಹೇಳುವ ಹೆಸರು ಅದು. ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮಿನಡಿ ಮಕ್ಕಳ ಬಗ್ಗೆ ಹೊರಡಿಸಿದ ಹುಕುಂಗಳನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡಬೇಕೆಂದು 28-ಎ ಕಲಮು ಹೇಳುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 18ನೆಯ ಕಲಮೂ ಅದನ್ನೇ ಹೇಳುತ್ತದೆ. ಸಿವಿಲ್ ಡಿಕ್ರಿಯಂತೆ ಎಂಬ ಎರಡು ಶಬ್ದಗಳಲ್ಲೇ ತೊಂದರೆಯ ಮೂಲವಿದೆ ಎನ್ನುತ್ತೇನೆ ನಾನು. ದರಖಾಸ್ತು ಹಾಕಿದರೆ ನೋಟೀಸು ಹೊರಡುತ್ತದೆ. ಬೇಲಿಫ ಹೋಗಿ ‘ಮನೆಗೆ ಕೀಲಿ ಹಾಕಿದೆ’ ಎಂದು ಶೆರಾ ಬರೆದು ತರುತ್ತಾನೆ. ಮತ್ತೊಂದು ತಾರೀಖು. ಈ ಸಲ ಬಾಗಿಲಿಗೆ ಅಂಟಿಸಿ ಬರುತ್ತಾನೆ. ಎದುರಿನವರು ವಕೀಲರ ಮೂಲಕ ಹಾಜರಾಗಿ ತಕರಾರು ಹಾಕಲು ವೇಳೆ ಕೇಳುತ್ತಾರೆ. ಅಷ್ಟರಲ್ಲಿ ಬೇಸಿಗೆ ರಜೆ. ಮಗು ಕೊಲ್ಲಾಪುರಕ್ಕೋ ಸಾಂಗಲಿಗೋ ಮಾವನ ಮನೆಗೆ ಹೋಯಿತೆಂದರೆ ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗ ಮಾಡಿಸಿಕೊಂಡು, ಇನ್ನೊಂದು ಭಾಷೆಯಲ್ಲಿ ಮೊದಲಿನಿಂದ ಸುರು ಮಾಡಬೇಕು. ಕೊನೆಗೆ ಎದುರಿನವರನ್ನು ಸಿವಿಲ್ ಜೈಲಿಗೆ ಕಳಿಸುವ ಹಂತ ಬಂದರೆ, ಜೈಲಿನಲ್ಲಿ ಅವರ ಊಟದ ಖರ್ಚನ್ನು ಡಿಕ್ರಿ ಪಡೆದವರೇ ಮುಂಗಡ ಕಟ್ಟಬೇಕು. ಮಗುವಿನ ಮುಖ ಕಾಣದ ತಾಯಿ, ಮಗುವನ್ನು ಬಚ್ಚಿಟ್ಟ ಗಂಡನ ಊಟಕ್ಕೆ ಹಣ ಕಟ್ಟಿ ನಿಂತದ್ದನ್ನು ನಾನು ನೋಡಿದ್ದೇನೆ. ಆಕೆ ಹೊಲಿಗೆ ಕೆಲಸ ಮಾಡುತ್ತಿದ್ದರು.

ಸಾಮಾನ್ಯ ಡಿಕ್ರಿಯನ್ನು ಜಾರಿ ಮಾಡಿಸಿಕೊಳ್ಳಲು ಕಾಲಮಿತಿ ಕಾಯ್ದೆ 12 ವರ್ಷ ಕೊಡುತ್ತದೆ. ಹೊಲ ಗೆದ್ದ ರೈತನಿಗೆ ಇದು ಉಪಕಾರ. ಆರು ವರ್ಷದ ಮಗಳ ತಂದೆಗೆ? ಆ 12 ವರ್ಷ ಮುಗಿಯುವ ದಿನ ಆಕೆಗೆ 18 ತುಂಬುತ್ತದೆ. ಡೈರಿ ಬರೆದ ನನ್ನ ಕಕ್ಷಿದಾರರ ವಿಷಯದಲ್ಲಿ ಅಷ್ಟೂ ಕಾಲ ಹಿಡಿಯಲಿಲ್ಲ. ಮೂರನೆಯ ವರ್ಷ ಅವರೇ ಬಂದು ‘ಸಾಕ್ರಿ, ತಗದ ಬಿಡ್ರಿ ದರಖಾಸ್ತ’ ಎಂದರು. ಡೈರಿಯನ್ನು ಮರಳಿ ಒಯ್ಯಲಿಲ್ಲ. ಅದಕ್ಕೇ ಅದು ಇನ್ನೂ ನನ್ನ ಬಳಿ ಇದೆ.

ಕರ್ನಾಟಕದಿಂದಲೇ ಹೋದ ಒಂದು ಆಸ್ತಿ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ, ದರಖಾಸ್ತುಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಅಪ್ಪಣೆ ಮಾಡಿದೆ. ಒಳ್ಳೆಯದು. ಆದರೆ ನಿವೇಶನಕ್ಕೆ ಆರು ತಿಂಗಳು ಬೇಗ ಎನಿಸುತ್ತದೆ, ಮೂರು ವರ್ಷದ ಕೂಸಿಗೆ ಅದು ಅದರ ಆಯುಷ್ಯದ ಆರನೆಯ ಒಂದು ಪಾಲು.

ದರಖಾಸ್ತಿಗೆ ಬೇಸತ್ತ ಜನ ಬೇರೆ ಬಾಗಿಲು ಬಡಿಯುತ್ತಾರೆ. ಮೊದಲನೆಯದು ಪೊಲೀಸ್ ಠಾಣೆ. ‘ಗಂಡ ಹೆಂಡ್ತಿ ಜಗಳ, ಕೋರ್ಟಿಗೆ ಹೋಗ್ರಿ’ ಎಂದು ಅಲ್ಲಿ ಹೇಳುತ್ತಾರೆ, ಕೋರ್ಟಿನಿಂದಲೇ ಬಂದೆವು ಎಂದರೂ ಹೇಳುತ್ತಾರೆ. ಮಗುವನ್ನು ಒಯ್ದವರು ಅಪರಿಚಿತರಲ್ಲ, ಹೆತ್ತವರೇ. ಆದ್ದರಿಂದ ಅಪಹರಣದ ಕಲಮು ಸುಲಭಕ್ಕೆ ಹತ್ತುವುದಿಲ್ಲ. ಇನ್ನು ಕೆಲವರು ಮ್ಯಾಜಿಸ್ಟ್ರೇಟರ ಮುಂದೆ ಶೋಧನೆಯ ವಾರಂಟು ಕೇಳುತ್ತಾರೆ. ಅಕ್ರಮವಾಗಿ ಕೂಡಿಹಾಕಿದವರನ್ನು ಬಿಡಿಸಲು ಇರುವ ಆ ಅಧಿಕಾರ, ಮಗು ತನ್ನ ಹೆತ್ತ ತಂದೆಯ ಬಳಿ ಇರುವಾಗ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿಯಾಗಿದೆ. ನ್ಯಾಯಾಂಗ ನಿಂದನೆಯ ದಾರಿಯೂ ಉಂಟು. ಆದರೆ ಫ್ಯಾಮಿಲಿ ಕೋರ್ಟು ಅದಕ್ಕೆ ತಾನೇ ಶಿಕ್ಷೆ ಕೊಡಲಾರದು, ಹೈಕೋರ್ಟಿಗೆ ಹೋಗಬೇಕು. ಉಲ್ಲಂಘನೆಯಾದ ಒಂದು ವರ್ಷದೊಳಗೇ ಹೋಗಬೇಕು. 1971ರ ಆ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ ಆರು ತಿಂಗಳು, ದಂಡ 2,000 ರೂಪಾಯಿ.

ಉಳಿದದ್ದು ಹೇಬಿಯಸ್ ಕಾರ್ಪಸ್, ಅಂದರೆ ಅಕ್ರಮವಾಗಿ ಹಿಡಿದಿಟ್ಟ ವ್ಯಕ್ತಿಯನ್ನು ಹಾಜರುಪಡಿಸಲು ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ. ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ದೊಡ್ಡ ಅನುಕೂಲ ಆಗಿದೆ, ಅದನ್ನು ನೆನೆಯದೆ ಮುಂದೆ ಹೋಗಲಾರೆ. 2008ರ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಧಾರವಾಡಕ್ಕೆ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅದಕ್ಕೂ ಮೊದಲು ಕಾರವಾರದ, ಬಳ್ಳಾರಿಯ, ಬೆಳಗಾವಿಯ ತಾಯಂದಿರು ಕೂಸಿನ ಸಲುವಾಗಿ ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗಬೇಕಿತ್ತು. ಅಲ್ಲಿ ಉಳಿಯುವ ಖರ್ಚಿಗೆ ಎಷ್ಟೋ ಮಂದಿ ಹೋಗುವುದನ್ನೇ ಬಿಟ್ಟಿದ್ದರು. ಪೀಠಕ್ಕಾಗಿ ಹೋರಾಡಿದ ಈ ಭಾಗದ ವಕೀಲರಿಗೆ ಆ ಪುಣ್ಯ ಸಲ್ಲಬೇಕು. ಹೈಕೋರ್ಟಿನ ಎದುರು ಕೆಲವೇ ದಿನಗಳಲ್ಲಿ ಮಗು ಹಾಜರಾದ ಪ್ರಸಂಗಗಳಿವೆ. ಮಗುವನ್ನು ಅಕ್ರಮವಾಗಿ ಇಟ್ಟುಕೊಂಡಲ್ಲಿ ಈ ರಿಟ್ ಅರ್ಜಿ ನಡೆಯುತ್ತದೆ ಎಂದು 2019ರಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅದು ಅಸಾಧಾರಣ ಉಪಾಯ, ನಿತ್ಯದ ದಾರಿಯಲ್ಲ. ತಿಂಗಳಿಗೆ ಎರಡು ರವಿವಾರದ ಭೇಟಿ ತಪ್ಪಿದ್ದಕ್ಕೆಲ್ಲ ಹೇಬಿಯಸ್ ಕಾರ್ಪಸ್ ಹಾಕಲು ಬರುವುದಿಲ್ಲ. ಮನೆ ಒಡೆಯುವುದು ಆ ಸಣ್ಣ ತಪ್ಪುಗಳಿಂದಲೇ.

ಈಗ ಬಹಳ ಸೂಕ್ಷ್ಮದ ಮಾತಿಗೆ ಬರುತ್ತೇನೆ. ಹುಕುಂ ಜಾರಿ ಆಗಬೇಕು ಎಂದೊಡನೆ ಕೆಲವರ ಕಣ್ಣ ಮುಂದೆ ಬರುವುದು ಪೊಲೀಸ್ ಜೀಪು. 1890ರ ಕಾಯ್ದೆಯ 25ನೆಯ ಕಲಮಿನಲ್ಲಿ ಮಗುವನ್ನೇ ‘ಅರೆಸ್ಟ್’ ಮಾಡಿಸಿ ಪೋಷಕರಿಗೆ ಒಪ್ಪಿಸಬಹುದು ಎಂಬ ಶಬ್ದ ಇದೆ. ಆ ಶಬ್ದ ಬರೆದವರು ಮಗು ಹೇಗೆ ಅಳುತ್ತದೆಂದು ಯೋಚಿಸಿರಲಿಕ್ಕಿಲ್ಲ. ಒಮ್ಮೆ ನಾನು ಬೇಲಿಫನ ಜೊತೆ ಅಂಥ ಒಂದು ಮನೆಗೆ ಹೋಗಿದ್ದೆ. ನಾಲ್ಕು ವರ್ಷದ ಹುಡುಗ ಮಂಚದ ಕೆಳಗೆ ಸೇರಿ ಮಂಚದ ಕಾಲನ್ನು ತಬ್ಬಿಕೊಂಡಿದ್ದ. ಹೊರಗೆ ಓಣಿಯ ಮಂದಿ ಕೂಡಿದ್ದರು. ಹುಕುಂ ನ್ಯಾಯವಾದದ್ದೇ, ನನ್ನ ಕಕ್ಷಿದಾರರು ಸರಿಯಾದ ಪಕ್ಷದವರೇ. ಆದರೂ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದನ್ನು ನೋಡಿದ ಮೇಲೆ ನಾನು ಒಂದು ನಿರ್ಧಾರಕ್ಕೆ ಬಂದೆ: ಜಾರಿಯ ಭಾರ ಬೀಳಬೇಕಾದದ್ದು ಹುಕುಂ ಮುರಿದವರ ಮೇಲೆ, ಮಗುವಿನ ಮೈಮೇಲೆ ಅಲ್ಲ. ಜರ್ಮನಿಯ 2009ರ ಕೌಟುಂಬಿಕ ಪ್ರಕ್ರಿಯಾ ಕಾಯ್ದೆ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದೆ. ಭೇಟಿಯ ಹುಕುಂ ಮುರಿದವರಿಗೆ 25,000 ಯೂರೋವರೆಗೂ ದಂಡ ಹಾಕಬಹುದು. ಆದರೆ ಭೇಟಿಗಾಗಿ ಮಗುವಿನ ಮೇಲೆ ಬಲ ಬಳಸುವಂತಿಲ್ಲ. ಇಂಗ್ಲೆಂಡಿನಲ್ಲಿ 2006ರ ಕಾಯ್ದೆಯ ಮೂಲಕ ಇನ್ನೊಂದು ಉಪಾಯ ಬಂತು: ಮಗುವಿನ ಭೇಟಿ ತಪ್ಪಿಸಿದವರು 40ರಿಂದ 200 ಗಂಟೆ ಸಂಬಳವಿಲ್ಲದ ಸಮುದಾಯ ಸೇವೆ ಮಾಡಬೇಕು, ಎದುರಿನವರಿಗೆ ವ್ಯರ್ಥವಾದ ಪ್ರಯಾಣದ ಖರ್ಚನ್ನೂ ತುಂಬಿಕೊಡಬೇಕು. ನಮ್ಮ ಕಾಯ್ದೆಗೆ 100 ರೂಪಾಯಿಗೂ ಜೈಲಿಗೂ ನಡುವೆ ಮೆಟ್ಟಿಲೇ ಇಲ್ಲ. ನ್ಯಾಯಾಧೀಶರು 100 ರೂಪಾಯಿ ಹಾಕಲು ನಾಚುತ್ತಾರೆ, ಕೂಸಿನ ತಾಯಿಯನ್ನೋ ತಂದೆಯನ್ನೋ ಜೈಲಿಗೆ ಕಳಿಸಲು ಹಿಂಜರಿಯುತ್ತಾರೆ. ನಡುವೆ ಇನ್ನೊಂದು ತಾರೀಖು ಕೊಡುತ್ತಾರೆ.

ಆ ತಾರೀಖುಗಳ ನಡುವೆ ‘ಒಲ್ಲೆ’ ಹುಟ್ಟುತ್ತದೆ. ಮಗುವಿನ ಮಾತಿಗೆ ಬೆಲೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಬುದ್ಧಿ ಬಂದ ಮಗುವಿನ ಇಚ್ಛೆಯನ್ನು ಪರಿಗಣಿಸಬಹುದೆಂದು 1890ರ ಕಾಯ್ದೆಯೇ ಹೇಳುತ್ತದೆ. ಆದರೆ ಯಾರನ್ನು ನೋಡಲು ಬಿಟ್ಟಿಲ್ಲವೋ ಅವರ ಬಗ್ಗೆ ಮಗು ಯಾವ ಅನುಭವದಿಂದ ಇಚ್ಛೆ ಹೇಳೀತು? 2017ರ ಫೆಬ್ರವರಿಯ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎದುರಿಸಿತು. 21 ತಿಂಗಳ ಮಗಳನ್ನು ತಂದೆ ಒಯ್ದಿದ್ದರು. ಪ್ರಕರಣ ದೆಹಲಿಯ ಮೇಲಿನ ನ್ಯಾಯಾಲಯ ತಲುಪುವ ಹೊತ್ತಿಗೆ ಆಕೆಗೆ ಸುಮಾರು ಎಂಟು ವರ್ಷ. ತಂದೆಯೇ ಬೇಕು ಎಂದಳು. ತಾಯಿಯ ಜೊತೆ ಬದುಕಿಯೇ ಇಲ್ಲದವಳಿಗೆ ಹೋಲಿಸಿ ನೋಡಲು ಏನಿದೆ ಎಂದು ನ್ಯಾಯಮೂರ್ತಿಗಳು ಕೇಳಿದರು, ತಾಯಿಯ ಬಳಿಗೆ ಕಳಿಸಿದರು. 2008ರ ಇನ್ನೊಂದು ಪ್ರಕರಣದಲ್ಲಿ ತಂದೆ ನ್ಯಾಯಾಲಯದ ಹುಕುಂಗಳನ್ನು ಮೇಲಿಂದ ಮೇಲೆ ಮುರಿದು ಮಗನನ್ನು ತನ್ನಲ್ಲೇ ಇಟ್ಟುಕೊಂಡು, ಈಗ ಮಗ ಇಲ್ಲೇ ಹೊಂದಿಕೊಂಡಿದ್ದಾನೆ ಎಂದು ವಾದಿಸಿದ್ದರು. ತಾನೇ ಮಾಡಿದ ತಪ್ಪಿನ ಲಾಭವನ್ನು ತಾನೇ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಈ ಎರಡು ತೀರ್ಪುಗಳನ್ನು ಫ್ಯಾಮಿಲಿ ಕೋರ್ಟಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ವಕೀಲರೂ ಬಾಯಿಪಾಠ ಮಾಡಬೇಕು.

ನಮ್ಮವರದೇ ಒಂದು ಪ್ರಕರಣ ಹೇಳುತ್ತೇನೆ. ಅಮೆರಿಕದಲ್ಲಿ ನೆಲೆಸಿದ್ದ ಕುಟುಂಬ. ಮಗ ಹುಟ್ಟಿದ್ದು ಅಲ್ಲೇ. 2020ರ ಮಾರ್ಚ್‌ನಲ್ಲಿ ತಾಯಿ ಮಗನನ್ನು ಬೆಂಗಳೂರಿಗೆ ಕರೆತಂದರು, ತಂದೆಯ ಒಪ್ಪಿಗೆ ಇರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯ ಮಗನನ್ನು ತಿರುಗಿ ತರಬೇಕೆಂದಿತು. ತಂದೆ ಕರ್ನಾಟಕ ಹೈಕೋರ್ಟಿಗೆ ಬಂದರು. ಹೈಕೋರ್ಟು ಹುಡುಗನ ಜೊತೆ ಮಾತಾಡಿ, ಅವನಿಗೆ ಇಲ್ಲಿರುವ ಮನಸ್ಸಿದೆ ಎಂದು ಕಂಡು, ಅರ್ಜಿ ಒಪ್ಪಲಿಲ್ಲ. 2022ರ ಜುಲೈ 29ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಲಿಸಿತು. ಮಗುವಿನ ಇಚ್ಛೆ ಏನು ಎಂಬುದು ಒಂದು ಪ್ರಶ್ನೆ, ಮಗುವಿನ ಹಿತ ಯಾವುದು ಎಂಬುದು ಬೇರೆ ಪ್ರಶ್ನೆ ಎಂದು ಬಿಡಿಸಿ ಹೇಳಿ, ಹುಡುಗ ಅಮೆರಿಕಕ್ಕೆ ಮರಳಲು ಆದೇಶಿಸಿತು. ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಮಾರ್ಚ್ 2020ರಿಂದ ಜುಲೈ 2022ರವರೆಗೆ ಲೆಕ್ಕ ಹಾಕಿ: ಎರಡು ವರ್ಷ ನಾಲ್ಕು ತಿಂಗಳು. ಒಂಬತ್ತು ವರ್ಷದವನಾಗಿ ಬಂದ ಹುಡುಗ ಹನ್ನೊಂದು ದಾಟಿದ್ದ. ಒಂದು ಸಲ ಕಿತ್ತು ನೆಟ್ಟದ್ದನ್ನು ಬೇರೂರಿದ ಮೇಲೆ ಮತ್ತೊಂದು ಸಲ ಕೀಳಬೇಕಾಯಿತು. ದೇಶದಿಂದ ದೇಶಕ್ಕೆ ಒಯ್ದ ಮಕ್ಕಳನ್ನು ಬೇಗ ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ನೂರಕ್ಕೂ ಹೆಚ್ಚು ದೇಶಗಳು ಸೇರಿವೆ, ಭಾರತ ಸೇರಿಲ್ಲ. ದೌರ್ಜನ್ಯ ತಾಳದೆ ತವರಿಗೆ ಓಡಿಬರುವ ಹೆಣ್ಣುಮಕ್ಕಳ ಗತಿ ಏನು ಎಂಬುದು ಸೇರದಿರುವುದಕ್ಕೆ ಕೊಡುವ ಕಾರಣ. ಆ ಕಾರಣ ಹುರುಳಿಲ್ಲದ್ದಲ್ಲ. ಆದರೆ ಅಂಥ ಹೆಣ್ಣುಮಕ್ಕಳ ರಕ್ಷಣೆಯನ್ನು ಕಾಯ್ದೆಯೊಳಗೆ ಬರೆಯಬಹುದು. ಕಾಯ್ದೆಯೇ ಬೇಡ ಎನ್ನುವುದು ಅದಕ್ಕೆ ಉತ್ತರವಲ್ಲ.

ಇದೇ ಭಯ ನಮ್ಮ ಓಣಿಯಲ್ಲೂ ಇದೆ. ಹುಕುಂ ಮುರಿಯುವವರೆಲ್ಲ ಕೆಟ್ಟವರಲ್ಲ. ಕುಡಿದು ಬರುವ ಗಂಡನ ಸ್ಕೂಟರಿನ ಮೇಲೆ ಕೂಸನ್ನು ಕೂರಿಸಿ ಕಳಿಸಲು ಯಾವ ತಾಯಿಗೆ ಧೈರ್ಯವಾದೀತು? ಮಗಳು ಹೊಸ ಮಲತಾಯಿಯ ಮನೆಯಿಂದ ಮಂಕಾಗಿ ಬಂದರೆ ಯಾವ ತಾಯಿ ಸುಮ್ಮನಿದ್ದಾಳು? ಅಂಥವರಿಗೆ ನಾನು ಹೇಳುವುದು ಒಂದೇ: ಬಾಗಿಲು ಹಾಕಿಕೊಳ್ಳಬೇಡಿ, ಮರುದಿನವೇ ಅರ್ಜಿ ಹಾಕಿ. ಮಕ್ಕಳ ಬಗೆಗಿನ ಹುಕುಂ ಯಾವತ್ತೂ ಕೊನೆಯ ಹುಕುಂ ಅಲ್ಲ, ಪರಿಸ್ಥಿತಿ ಬದಲಾದಂತೆ ಅದನ್ನು ಬದಲಿಸಬಹುದು ಎಂದು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ. ಭೇಟಿ ನ್ಯಾಯಾಲಯದ ಆವರಣದಲ್ಲಿ, ಸಮಾಲೋಚಕರ ಎದುರು ಆಗಲಿ ಎಂದು ಕೇಳಬಹುದು; ಭೇಟಿಗೆ ಮೂರನೆಯವರೊಬ್ಬರು ಜೊತೆಗಿರಲಿ ಎಂದು ಕೇಳಬಹುದು. ಕೇಳಿದವರ ಭಯವನ್ನು ನ್ಯಾಯಾಲಯ ನಂಬುತ್ತದೆ. ಕೀಲಿ ಹಾಕಿಕೊಂಡು ಹೋದವರ ನಿಜವಾದ ಭಯವೂ ನೆವದ ಹಾಗೆ ಕಾಣುತ್ತದೆ.

ಇನ್ನೊಂದು ರೂಢಿ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ‘ರೊಕ್ಕಾ ಕೊಡು, ಕೂಸು ನೋಡು.’ ಜೀವನಾಂಶ ಬರಲಿಲ್ಲವೆಂದು ಭೇಟಿ ನಿಲ್ಲಿಸುವುದು, ಭೇಟಿ ಕೊಡಲಿಲ್ಲವೆಂದು ಜೀವನಾಂಶ ನಿಲ್ಲಿಸುವುದು. ಎರಡೂ ಕಡೆಯ ಹಿರಿಯರು ಕೂತು ಇದನ್ನು ನ್ಯಾಯವೆಂಬಂತೆ ಮಾತಾಡುತ್ತಾರೆ. ಮಗುವಿನ ಅನ್ನ ಒಂದು, ಮಗುವಿಗೆ ತಂದೆ ತಾಯಿ ಇಬ್ಬರ ಮುಖ ಸಿಗುವುದು ಇನ್ನೊಂದು. ಎರಡೂ ಮಗುವಿನ ಹಕ್ಕು. ಒಂದನ್ನು ಒತ್ತೆ ಇಟ್ಟು ಇನ್ನೊಂದನ್ನು ಬಿಡಿಸಿಕೊಳ್ಳಲು ಕೂಸು ಬಂಗಾರದ ಸರವಲ್ಲ.

ಏನು ಮಾಡಬಹುದು ಎಂದು ಕೇಳುತ್ತೀರಿ. ನನ್ನ ಅನುಭವದಲ್ಲಿ ಅರ್ಧ ಜಗಳ ಹುಕುಂನ ಭಾಷೆಯಲ್ಲೇ ಹುಟ್ಟುತ್ತದೆ. ‘ಸೂಕ್ತ ಸಮಯದಲ್ಲಿ ಭೇಟಿಗೆ ಅವಕಾಶ ಕೊಡತಕ್ಕದ್ದು’ ಎಂದು ಬರೆದರೆ ಅದು ಜಗಳಕ್ಕೆ ಕೊಟ್ಟ ಆಹ್ವಾನ. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಯಾರು ತಂದುಬಿಡಬೇಕು, ಜ್ವರ ಬಂದರೆ ಬದಲಿ ದಿನ ಯಾವುದು, ದೀಪಾವಳಿ ಯಾರ ಕಡೆ, ಯುಗಾದಿ ಯಾರ ಕಡೆ, ಬೇಸಿಗೆ ರಜೆ ಹೇಗೆ ಹಂಚಿಕೆ, ಶಾಲೆಯ ಪ್ರಗತಿಪತ್ರ ಯಾರ್ಯಾರಿಗೆ, ಪಾಸ್‌ಪೋರ್ಟು ಯಾರ ಬಳಿ ಎಂಬುದೆಲ್ಲ ಹುಕುಂನಲ್ಲೇ ಬರಬೇಕು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಭೇಟಿಯ ಜೊತೆಗೆ ಸಂಪರ್ಕದ ಹಕ್ಕನ್ನೂ ಎತ್ತಿ ಹೇಳಿತು: ದೂರವಿರುವ ತಂದೆಯೋ ತಾಯಿಯೋ ದಿನಕ್ಕೆ ಐದು-ಹತ್ತು ನಿಮಿಷ ಮಗುವಿನ ಜೊತೆ ಫೋನಿನಲ್ಲಿ, ವಿಡಿಯೋದಲ್ಲಿ ಮಾತಾಡುವಂತಿರಬೇಕು. ಇಷ್ಟು ಸಣ್ಣ ಸಂಪರ್ಕವೂ ‘ಒಲ್ಲೆ’ ಹುಟ್ಟದಂತೆ ಕಾಯುತ್ತದೆ. ಜಾಗದ ಬಗ್ಗೆ ಒಂದು ಮಾತು: ಅತ್ತೆ ಮಾವಂದಿರ ಹೊಸ್ತಿಲಲ್ಲಿ ಕೈಬದಲಾದರೆ ಬೈಗುಳ ಖಂಡಿತ. ಉಣಕಲ್ ಕೆರೆಯ ಉದ್ಯಾನವೋ ಧಾರವಾಡದ ಕೆ.ಸಿ. ಪಾರ್ಕೋ ಆದರೆ ಮಗು ಓಡಿಹೋಗಿ ಜೋಕಾಲಿ ಹತ್ತುತ್ತದೆ, ದೊಡ್ಡವರು ನಾಲ್ಕು ಜನರೆದುರು ನಾಲಿಗೆ ಬಿಗಿಹಿಡಿಯುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ಹುಕುಂ ಆದ ದಿನವೇ ಪಾಲನೆಯ ತಾರೀಖೊಂದನ್ನು ಗೊತ್ತುಮಾಡಬೇಕು. ಮೂವತ್ತು ದಿನ ಬಿಟ್ಟು ಪ್ರಕರಣ ಮತ್ತೆ ನ್ಯಾಯಾಧೀಶರ ಎದುರು ಬರಬೇಕು, ಯಾರೂ ಹೊಸ ಅರ್ಜಿ ಹಾಕದಿದ್ದರೂ ಬರಬೇಕು. ಭೇಟಿ ಆಯಿತೇ, ಆಗಲಿಲ್ಲವೇ? ಆಗದಿದ್ದರೆ ತಪ್ಪಿದ ದಿನಕ್ಕೆ ಬದಲಾಗಿ ಎರಡು ದಿನ, ಬಸ್ಸಿನ ಖರ್ಚು, ಮುಚ್ಚಳಿಕೆ. ಮೂರನೆಯ ಸಲಕ್ಕೆ 45ನೆಯ ಕಲಮು. ಇದಕ್ಕೆ ಸಂಸತ್ತಿನ ಕಡೆ ನೋಡುತ್ತ ಕೂಡಬೇಕಾಗಿಲ್ಲ. ಕುಟುಂಬ ನ್ಯಾಯಾಲಯಗಳ ಕಾಯ್ದೆಯ 21ನೆಯ ಕಲಮು ನಿಯಮ ಮಾಡುವ ಅಧಿಕಾರವನ್ನು ಹೈಕೋರ್ಟಿಗೆ ಕೊಟ್ಟಿದೆ. ಆ 100 ರೂಪಾಯಿಯನ್ನು ಹೆಚ್ಚಿಸುವುದಕ್ಕೆ ಮಾತ್ರ ಶಾಸಕಾಂಗ ಬೇಕು. ಅಪ್ರಾಪ್ತರ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕರ್ನಾಟಕದ ವಿಧಾನಸಭೆಯೇ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತ ಪಡೆಯಬಹುದು. ಸುವರ್ಣಸೌಧ ಇಲ್ಲಿಂದ ಒಂದೂವರೆ ತಾಸಿನ ದಾರಿ. ನಮ್ಮ ಶಾಸಕರನ್ನು ಕೇಳೋಣ.

ಮುಗಿಸುವ ಮೊದಲು ನನ್ನದೊಂದು ತಪ್ಪನ್ನು ಈ ಸಭೆಯ ಮುಂದೆ ಇಡಬೇಕು. ಬಹಳ ವರ್ಷದ ಹಿಂದಿನ ಮಾತು. ಆಗ ನಾನು ತಂದೆಯ ಪರ ವಕೀಲ, ಕೂಸು ತಂದೆಯ ಬಳಿ ಇತ್ತು, ತಾಯಿಗೆ ಭೇಟಿಯ ಹುಕುಂ ಆಗಿತ್ತು. ಆತ ಬಂದು ‘ಏನ ಮಾಡೂಣ್ರಿ’ ಎಂದು ಕೇಳಿದಾಗ ನಾನು ಹೇಳಿದೆ: ‘ಒಂದಿಷ್ಟು ದಿನಾ ದೂಡ್ರಿ, ಕೂಸು ನಿಮ್ಮ ಮನ್ಯಾಗ ಹೊಂದಿಕೊಳ್ಳಲಿ.’ ಅವರು ದೂಡಿದರು. ಕೂಸು ಹೊಂದಿಕೊಂಡಿತು. ನಾವು ಪ್ರಕರಣ ಗೆದ್ದೆವು. ಕೆಲವು ವರ್ಷಗಳ ಕೆಳಗೆ ಒಂದು ಸಂಜೆ ಒಬ್ಬ ತರುಣಿ ನನ್ನ ಆಫೀಸಿಗೆ ಬಂದಳು. ಹೆಸರು ಹೇಳಿದಾಗ ಗುರುತು ಸಿಕ್ಕಿತು. ಮದುವೆ ಗೊತ್ತಾಗಿತ್ತಂತೆ, ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಕುರ್ಚಿಯ ಅಂಚಿನಲ್ಲಿ ಕೂತು ಕೇಳಿದಳು: ‘ಕಾಕಾ, ನಮ್ಮವ್ವ ನನ್ನ ನೋಡಾಕ ಎಷ್ಟ ಸಲ ಬಂದಿದ್ಲು ಅಂತ ನಿಮ್ಮ ಫೈಲಿನ್ಯಾಗ ಇರತದಲ್ರಿ? ಬರಲೇ ಇಲ್ಲ ಅಂತ ಮನ್ಯಾಗ ಹೇಳ್ತಿದ್ರು.’ ಗುಮಾಸ್ತನಿಗೆ ಹೇಳಿ ಹಳೆಯ ಗಂಟು ಬಿಚ್ಚಿಸಿದೆ. ತಾಯಿಯ ಪರ ವಕೀಲರು ಹಾಕಿದ್ದ ಅರ್ಜಿಗಳಲ್ಲಿ ತಾರೀಖುಗಳಿದ್ದವು. ಆಕೆಯ ಎದುರಿಗೇ ಎಣಿಸಿದೆ. ಹದಿನಾಲ್ಕು ಸಲ. ಆಕೆ ಆ ಹದಿನಾಲ್ಕು ತಾರೀಖುಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದಳು.

ಇಲ್ಲಿ ಕೂತಿರುವ ಕಿರಿಯ ವಕೀಲರೆ, ನಿಮ್ಮ ಕಕ್ಷಿದಾರರು ನಾಳೆ ನಿಮ್ಮ ಮುಂದೆ ಕೂತು ‘ಏನ ಮಾಡೂಣ್ರಿ’ ಎಂದು ಕೇಳುತ್ತಾರೆ. ದಿನ ದೂಡಿ ಎಂದು ಹೇಳಬೇಡಿ. ಮತ್ತು ಅಜ್ಜಿಯರೆ, ಅಜ್ಜಂದಿರೆ, ಈ ರವಿವಾರ ನಿಮ್ಮ ಮೊಮ್ಮಗುವನ್ನು ಕರೆಯಲು ಯಾರಾದರೂ ಬಾಗಿಲಿಗೆ ಬಂದು ನಿಂತರೆ, ಮಗುವಿನ ತಲೆ ಬಾಚಿ, ಚೀಲದಲ್ಲಿ ಒಂದು ಜೊತೆ ಅರಿವೆ ಇಟ್ಟು, ‘ಸಂಜೀಕ ಬಾ’ ಎಂದು ಹೇಳಿ ಕಳಿಸಿಕೊಡಿ.